ಮಕ್ಕಳು ತಮ್ಮತಮ್ಮಲ್ಲೇ ಮಾತಾಡಬೇಕಾದರೆ: ಆನ್‌ಲೈನ್ ಚರ್ಚೆ ಕುರಿತು ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ವಿದ್ಯಾರ್ಥಿಗಳು ಪರಸ್ಪರ ಚರ್ಚಿಸಲು, ಕೂಡಿ ಬರೆಯಲು ಆನ್‌ಲೈನ್ ಸಾಧನಗಳನ್ನು ಬಳಸುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಹಳ್ಳಿಯ ಹೈಸ್ಕೂಲಿನಿಂದ ಪದವಿ ಕಾಲೇಜಿನವರೆಗೆ ಹಲವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಇರುವುದು 'ಯಾವ ಆ್ಯಪ್ ಒಳ್ಳೆಯದು' ಎಂಬ ಪ್ರಶ್ನೆ. ಆದರೆ ಯಾರು ಮೊದಲು ಬರೆಯುತ್ತಾರೆ, ಯಾರ ಉತ್ತರ ಯಾರಿಗೆ ಯಾವಾಗ ಕಾಣುತ್ತದೆ ಎಂಬುದನ್ನು ಸರಿಯಾಗಿ ಹೊಂದಿಸಿದರೆ ಸಾಮಾನ್ಯ ಆ್ಯಪ್‌ನಲ್ಲೂ ಚರ್ಚೆ ನಡೆಯುತ್ತದೆ, ಹೊಂದಿಸದಿದ್ದರೆ ದುಬಾರಿಯದರಲ್ಲೂ ನಡೆಯುವುದಿಲ್ಲ. ಹಾಗಾಗಿ ಉತ್ತರಗಳು ಹೆಚ್ಚಾಗಿ ಆ ಕಡೆಗೇ ವಾಲಿವೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಯ 54 ಮಕ್ಕಳಿಗೆ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ. ನಂಬರುಗಳೆಲ್ಲ ಅಪ್ಪ ಅಮ್ಮಂದಿರವು. ವಿಜ್ಞಾನದ ಪ್ರಶ್ನೆ ಹಾಕಿದರೆ ಒಬ್ಬಳು ಉತ್ತರ ಬರೆಯುತ್ತಾಳೆ, ಉಳಿದವರದ್ದು ಬರೀ 'ಓಕೆ ಮಿಸ್'. ಚರ್ಚೆ ಮಾಡಿಸುವುದು ಹೇಗೆ?
(ಶಿಕ್ಷಕಿ, ಹಾವೇರಿ ಜಿಲ್ಲೆ)

ಉತ್ತರ: ಮೇಡಂ, ಮೊದಲು ಗ್ರೂಪನ್ನು ಒಡೆಯಿರಿ. ಈಗಿರುವ ದೊಡ್ಡ ಗ್ರೂಪು ಸೂಚನೆಗೆ ಮಾತ್ರ ಇರಲಿ. ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ಸಂದೇಶ ಕಳಿಸುವ ಅವಕಾಶವನ್ನು ಅಡ್ಮಿನ್‌ಗಳಿಗಷ್ಟೇ ಇಡಿ. ಚರ್ಚೆಗೆ ಆರಾರು ಮಕ್ಕಳ ಒಂಬತ್ತು ಗ್ರೂಪು ಮಾಡಿ. ಐವತ್ತು ಮನೆಯವರು ನೋಡುವ ಜಾಗದಲ್ಲಿ ತಪ್ಪು ಬರೆಯಲು ಯಾವ ಮಗುವೂ ಮುಂದೆ ಬರುವುದಿಲ್ಲ. ಆರು ಜನರಿದ್ದರೆ ಸುಮ್ಮನಿದ್ದವರು ಯಾರೆಂದು ಗೊತ್ತಾಗುತ್ತದೆ, ಮಾತಾಡುವುದಕ್ಕೆ ಅಂಜಿಕೆಯೂ ಕಡಿಮೆ.

ಎರಡನೆಯದು ಸಮಯ. ಫೋನು ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗಿ ರಾತ್ರಿ ಮನೆಗೆ ಬರುತ್ತದೆ. 'ಈಗಲೇ ಉತ್ತರಿಸಿ' ಎಂದರೆ ಮನೆಯಲ್ಲೇ ಫೋನಿರುವ ಎಂಟ್ಹತ್ತು ಮಕ್ಕಳಷ್ಟೇ ಸಿಗುತ್ತಾರೆ. ಶುಕ್ರವಾರ ಸಂಜೆ ಪ್ರಶ್ನೆ ಹಾಕಿ, ಶನಿವಾರ ರಾತ್ರಿಯೊಳಗೆ ತಮ್ಮ ಉತ್ತರ, ಭಾನುವಾರ ರಾತ್ರಿಯೊಳಗೆ ಗೆಳೆಯರಿಗೆ ಮರುಮಾತು ಎಂದು ಎರಡು ಗಡುವು ಕೊಡಿ.

ಮೂರನೆಯದು ಪ್ರಶ್ನೆ. ಮುಖ್ಯ ತೊಂದರೆ ಇರುವುದು ಇಲ್ಲೇ. 'ದ್ಯುತಿಸಂಶ್ಲೇಷಣೆ ಎಂದರೇನು?' ಎಂದರೆ ಪುಸ್ತಕದ ಸಾಲು ಬರುತ್ತದೆ. ಮೊದಲನೆಯವಳು ಬರೆದ ಮೇಲೆ ಎರಡನೆಯವನಿಗೆ ಹೇಳಲು ಏನೂ ಉಳಿಯುವುದಿಲ್ಲ. ಪ್ರತಿಯೊಬ್ಬರ ಉತ್ತರವೂ ಬೇರೆಯಾಗುವಂಥದ್ದನ್ನು ಕೇಳಿ. 'ನಿಮ್ಮ ಮನೆಯ ಸುತ್ತ ನೆರಳಿನಲ್ಲೇ ಚೆನ್ನಾಗಿ ಬೆಳೆಯುವ ಒಂದು ಗಿಡ, ಬಿಸಿಲಿಲ್ಲದೆ ಸೊರಗುವ ಒಂದು ಗಿಡ ಹುಡುಕಿ. ಎರಡರ ಎಲೆಯ ಅಗಲ, ದಪ್ಪ, ಬಣ್ಣದಲ್ಲಿ ಏನು ವ್ಯತ್ಯಾಸ? ಯಾಕಿರಬಹುದು?' ಎಂದರೆ ಆರು ಮಕ್ಕಳಿಂದ ಹನ್ನೆರಡು ಗಿಡ ಬರುತ್ತದೆ. ಹೋಲಿಸಿ ಮಾತಾಡಲು ಸರಕು ಸಿಕ್ಕಿತು.

ಮರುಮಾತಿಗೆ ಮೂರೇ ದಾರಿ ಕೊಡಿ: ಒಂದು ಪ್ರಶ್ನೆ ಕೇಳು, ಇಲ್ಲವೇ ಒಂದು ಹೊಸ ಸಂಗತಿ ಸೇರಿಸು, ಇಲ್ಲವೇ 'ನನಗೆ ಹಾಗನ್ನಿಸುವುದಿಲ್ಲ, ಯಾಕೆಂದರೆ…' ಎಂದು ಬರೆ. ಯಾರ ಮಾತಿಗೆ ಉತ್ತರವೋ ಆ ಸಂದೇಶವನ್ನು ಬಲಕ್ಕೆ ಎಳೆದು 'ರಿಪ್ಲೈ' ಮಾಡುವುದನ್ನು ತರಗತಿಯಲ್ಲೇ ತೋರಿಸಿ. ಇದಿಲ್ಲದಿದ್ದರೆ ಇಪ್ಪತ್ತು ಸಂದೇಶ ಆದ ಮೇಲೆ ಯಾರು ಯಾರಿಗೆ ಹೇಳಿದ್ದು ಎಂಬುದೇ ತಿಳಿಯುವುದಿಲ್ಲ.

ನೋಟ್‌ಬುಕ್ಕಿನ ಪುಟದ ಫೋಟೊ, ಧ್ವನಿ ಸಂದೇಶ ಎರಡನ್ನೂ ಒಪ್ಪಿಕೊಳ್ಳಿ. ಧ್ವನಿಗೆ 45 ಸೆಕೆಂಡಿನ ಮಿತಿ ಇಡಿ. 54 ಮಕ್ಕಳ 45 ಸೆಕೆಂಡು ಎಂದರೆ ಕೇಳುವುದಕ್ಕೇ ನಿಮಗೆ ನಲವತ್ತು ನಿಮಿಷ ಬೇಕು. ವಾರಕ್ಕೆ ಮೂರು ಗ್ರೂಪು ಮಾತ್ರ ಪೂರ್ತಿ ಕೇಳಿ. ಮೂರು ವಾರಕ್ಕೊಮ್ಮೆ ಎಲ್ಲರ ಸರದಿ ಬರುತ್ತದೆ. ಪ್ರತಿ ಗ್ರೂಪಿನಲ್ಲಿ ಒಬ್ಬರು ಸೋಮವಾರ ತರಗತಿಯಲ್ಲಿ ಒಂದು ನಿಮಿಷ 'ನಮ್ಮಲ್ಲಿ ಏನು ಚರ್ಚೆಯಾಯಿತು, ಯಾವುದು ಬಗೆಹರಿಯಲಿಲ್ಲ' ಎಂದು ಹೇಳಲಿ. ಈ ಸೋಮವಾರದ ಹತ್ತು ನಿಮಿಷವನ್ನು ಬಿಡಬೇಡಿ. ಫೋನಿನಲ್ಲಿ ಆಡಿದ ಮಾತಿಗೆ ತರಗತಿಯಲ್ಲಿ ಬೆಲೆ ಇಲ್ಲವೆಂದು ಗೊತ್ತಾದ ಕೆಲವೇ ವಾರಗಳಲ್ಲಿ ಮಕ್ಕಳು ಬರೆಯುವುದನ್ನು ನಿಲ್ಲಿಸುತ್ತಾರೆ.

ಒಂದು ಎಚ್ಚರಿಕೆ. ಗ್ರೂಪಿನಲ್ಲಿರುವ ಎಲ್ಲರಿಗೂ ಎಲ್ಲರ ನಂಬರು ಕಾಣುತ್ತದೆ. ಹೆಣ್ಣುಮಕ್ಕಳ ಸ್ವಂತ ನಂಬರನ್ನು ಸೇರಿಸಬೇಡಿ. ಅಪ್ಪ ಅಮ್ಮನ ನಂಬರಿಗೂ ಮೊದಲು ಒಪ್ಪಿಗೆ ಪಡೆಯಿರಿ. ಪೋಷಕರ ಸಭೆಯಲ್ಲಿ ಒಮ್ಮೆ ವಿವರಿಸಿ ಸಹಿ ಪಡೆದರೆ ಸಾಕು.

ಪ್ರಶ್ನೆ: ಬಿ.ಎ. ಇತಿಹಾಸದ 40 ವಿದ್ಯಾರ್ಥಿಗಳಿಂದ ಗೂಗಲ್ ಡಾಕ್ಸ್‌ನಲ್ಲಿ ಗುಂಪು ಬರಹ ಮಾಡಿಸಿದೆ. ಒಬ್ಬನೇ ಎಲ್ಲ ಬರೆದ, ಇನ್ನೊಬ್ಬ ಅರ್ಧ ಅಳಿಸಿಬಿಟ್ಟ, ಯಾರು ಏನು ಮಾಡಿದರೆಂದು ಗೊತ್ತಾಗಲಿಲ್ಲ.
(ಉಪನ್ಯಾಸಕರು, ದಾವಣಗೆರೆ)

ಉತ್ತರ: ಗೊತ್ತಾಗದಿರಲು ಕಾರಣ ಬಹುಶಃ ನೀವು ಹಂಚಿದ ರೀತಿ, ಸರ್. 'ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು' ಎಂದು ಕೊಟ್ಟರೆ ಲಾಗಿನ್ ಆಗದೆ ಬಂದವರು ಯಾವುದೋ ಪ್ರಾಣಿಯ ಹೆಸರಿನಲ್ಲಿ ಅನಾಮಧೇಯರಾಗಿ ಕಾಣುತ್ತಾರೆ. ಪ್ರತಿಯೊಬ್ಬರ ಇಮೇಲ್ ಹಾಕಿ 'ಎಡಿಟರ್' ಎಂದು ಸೇರಿಸಿದರೆ ಅವರವರ ಹೆಸರಿನಲ್ಲೇ ದಾಖಲಾಗುತ್ತದೆ. ಆಮೇಲೆ ಫೈಲ್ ಮೆನುವಿನ 'ವರ್ಷನ್ ಹಿಸ್ಟರಿ' ತೆರೆದರೆ ಯಾರು ಯಾವಾಗ ಏನು ಸೇರಿಸಿದರು, ಅಳಿಸಿದರು ಎಂಬುದು ಬೇರೆಬೇರೆ ಬಣ್ಣದಲ್ಲಿ ಕಾಣುತ್ತದೆ. ಅಳಿಸಿ ಹೋದದ್ದೂ ಅಲ್ಲೇ ಇರುತ್ತದೆ. ಹಳೆಯ ಪ್ರತಿಯನ್ನು ಆರಿಸಿ 'ರಿಸ್ಟೋರ್' ಒತ್ತಿದರೆ ಮರಳಿ ಬರುತ್ತದೆ. ಇದನ್ನು ಫೋನಿಗಿಂತ ಕಂಪ್ಯೂಟರಿನಲ್ಲಿ ನೋಡುವುದು ಸುಲಭ. ವಿದ್ಯಾರ್ಥಿಗಳಿಗೂ ಇದನ್ನು ಮೊದಲ ದಿನವೇ ತೋರಿಸಿ. ಏನೂ ಕಳೆದುಹೋಗುವುದಿಲ್ಲ ಎಂದು ತಿಳಿದ ಮೇಲೆ ಒಬ್ಬರ ಬರಹವನ್ನು ಇನ್ನೊಬ್ಬರು ಮುಟ್ಟುವ ಭಯ ಹೋಗುತ್ತದೆ.

ಒಬ್ಬನೇ ಬರೆಯುವುದನ್ನು ತಪ್ಪಿಸಲು ಕೆಲಸವನ್ನೇ ಹಂಚಬೇಕು. ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದ ಜಿಗ್ಸಾ ವಿಧಾನ ನಿಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತದೆ. ಕರ್ನಾಟಕ ಏಕೀಕರಣವನ್ನೇ ತೆಗೆದುಕೊಳ್ಳಿ. ಐದೈದು ಜನರ ಎಂಟು ತಂಡ. ಪ್ರತಿ ತಂಡದಲ್ಲಿ ಒಬ್ಬರು ಮೈಸೂರು ಸಂಸ್ಥಾನ, ಒಬ್ಬರು ಮುಂಬೈ ಕರ್ನಾಟಕ, ಒಬ್ಬರು ಹೈದರಾಬಾದ್ ಕರ್ನಾಟಕ, ಒಬ್ಬರು ಮದ್ರಾಸ್ ಆಡಳಿತದಲ್ಲಿದ್ದ ಕನ್ನಡ ಪ್ರದೇಶ, ಒಬ್ಬರು ಕೊಡಗು. ಮೊದಲ ವಾರ ಒಂದೇ ಪ್ರದೇಶದ ಎಂಟು ಜನ ಒಂದು ಡಾಕ್ಯುಮೆಂಟಿನಲ್ಲಿ ಸೇರಿ ಓದಿದ್ದನ್ನು ಕೂಡಿಹಾಕುತ್ತಾರೆ. ಎರಡನೇ ವಾರ ತಮ್ಮ ತಂಡಕ್ಕೆ ಮರಳಿ, '1956ರ ನವೆಂಬರ್ 1ರ ಮೊದಲು ಏಕೀಕರಣವನ್ನು ಯಾವ ಪ್ರದೇಶದಲ್ಲಿ ಯಾರು ಬಯಸಿದರು, ಯಾರು ಹಿಂಜರಿದರು, ಯಾಕೆ?' ಎಂಬುದಕ್ಕೆ ಒಂದೇ ಉತ್ತರ ಬರೆಯುತ್ತಾರೆ. ಐವರಲ್ಲಿ ಒಬ್ಬರು ಓದದೆ ಬಂದರೂ ಉತ್ತರ ಪೂರ್ಣವಾಗುವುದಿಲ್ಲ. ಹಾಗಾಗಿ ಅವರನ್ನು ತಂಡದವರೇ ಕೇಳುತ್ತಾರೆ, ನೀವು ಕೇಳಬೇಕಿಲ್ಲ.

ಡಾಕ್ಯುಮೆಂಟಿನಲ್ಲಿ ಐದು ಸಾಲಿನ ಪಟ್ಟಿ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಡಿ. ತಮ್ಮ ಸಾಲು ತುಂಬುವವರೆಗೆ ಬೇರೆಯವರದನ್ನು ಮುಟ್ಟಬಾರದು. ಆಮೇಲೆ ಎಲ್ಲರೂ ಬಲ ಮೂಲೆಯ ಪೆನ್ಸಿಲ್ ಗುರುತಿನಿಂದ 'ಸಜೆಸ್ಟಿಂಗ್' ಬಗೆಗೆ ಬದಲಾಯಿಸಿಕೊಳ್ಳಲಿ. ಆಗ ತಿದ್ದುಪಡಿ ನೇರವಾಗಿ ಆಗದೆ ಸಲಹೆಯಾಗಿ ಉಳಿಯುತ್ತದೆ, ಬರೆದವರು ಒಪ್ಪಬಹುದು ಅಥವಾ ಬಿಡಬಹುದು. ಒಪ್ಪದಿದ್ದರೆ ಕಾರಣವನ್ನು ಕಮೆಂಟಿನಲ್ಲಿ ಬರೆಯಬೇಕು. ನೀವು ಓದಬೇಕಾದ ಚರ್ಚೆ ಇರುವುದು ಆ ಕಮೆಂಟುಗಳಲ್ಲೇ.

ವರ್ಷನ್ ಹಿಸ್ಟರಿಯನ್ನೂ ಪೂರ್ತಿ ನಂಬಬೇಡಿ. ನಾಲ್ವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಒಬ್ಬಳು ತಂದು ಅಂಟಿಸಿದರೆ ಎಲ್ಲವೂ ಅವಳ ಹೆಸರಿನಲ್ಲೇ ತೋರಿಸುತ್ತದೆ. ಕೊನೆಯಲ್ಲಿ 'ಯಾರು ಏನು ಮಾಡಿದೆವು' ಎಂದು ತಲಾ ಎರಡು ಸಾಲು ಬರೆಸಿ, ಎರಡನ್ನೂ ಹೋಲಿಸಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಆನ್‌ಲೈನ್ ಕಲಿಕೆಯ ತಂತ್ರಾಂಶ ಮೂಡಲ್ ಇದೆ. ಚರ್ಚಾ ವಿಭಾಗದಲ್ಲಿ ಮೊದಲ ಉತ್ತರವನ್ನೇ ಎಲ್ಲರೂ ಬದಲಿಸಿ ಬರೆಯುತ್ತಾರೆ. ಈಗಂತೂ ಎಐ ಬರೆದುಕೊಟ್ಟದ್ದನ್ನು ಅಂಟಿಸುತ್ತಿದ್ದಾರೆ. 'ಒಂದು ಉತ್ತರ, ಎರಡು ಪ್ರತಿಕ್ರಿಯೆ ಕಡ್ಡಾಯ' ಎಂದರೆ 'ಚೆನ್ನಾಗಿ ಬರೆದಿದ್ದೀರಿ' ಎಂಬ ಸಾಲುಗಳೇ ತುಂಬುತ್ತವೆ.
(ಸಹಾಯಕ ಪ್ರಾಧ್ಯಾಪಕಿ, ಶಿವಮೊಗ್ಗ)

ಉತ್ತರ: ಮೂಡಲ್‌ನಲ್ಲಿ ಫೋರಂ ಸೇರಿಸುವಾಗ 'ಫೋರಂ ಟೈಪ್' ಎಂಬ ಆಯ್ಕೆ ಇರುತ್ತದೆ. ಹೆಚ್ಚಿನವರು ಅದನ್ನು ಮುಟ್ಟದೆ ಮುಂದೆ ಹೋಗುತ್ತಾರೆ. ಅದರಲ್ಲಿ 'ಕ್ಯೂ ಆ್ಯಂಡ್ ಎ' ಆರಿಸಿ. ಆಗ ವಿದ್ಯಾರ್ಥಿ ತನ್ನ ಉತ್ತರ ಹಾಕುವವರೆಗೆ ಬೇರೆಯವರದು ಕಾಣುವುದಿಲ್ಲ. ಹಾಕಿದ ತಕ್ಷಣವೂ ಕಾಣುವುದಿಲ್ಲ. ತಿದ್ದಲು ಕೊಡುವ ಅವಧಿ, ಸಾಮಾನ್ಯವಾಗಿ 30 ನಿಮಿಷ, ಮುಗಿಯಬೇಕು. ಇದನ್ನು ಮೊದಲೇ ಹೇಳದಿದ್ದರೆ 'ಮೇಡಂ, ಕೆಟ್ಟುಹೋಗಿದೆ' ಎಂದು ಫೋನು ಬರುತ್ತಲೇ ಇರುತ್ತದೆ. ಚರ್ಚೆಯ ಮೊದಲ ಪ್ರಶ್ನೆಯನ್ನು ನೀವೇ ಹಾಕಿರಬೇಕು ಎಂಬುದೂ ನೆನಪಿರಲಿ. ಗೂಗಲ್ ಕ್ಲಾಸ್‌ರೂಮ್ ಬಳಸುವವರಿಗೂ ದಾರಿ ಇದೆ: ಅಸೈನ್‌ಮೆಂಟ್ ಬದಲು 'ಕ್ವೆಶ್ಚನ್' ಆರಿಸಿ, ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಉತ್ತರಿಸಬಹುದು ಎಂಬುದನ್ನು ಆನ್ ಮಾಡಿ. ಅಲ್ಲಿಯೂ ತಾವು ಬರೆದ ಮೇಲೆಯೇ ಇತರರದು ತೆರೆದುಕೊಳ್ಳುತ್ತದೆ.

ಗಡುವು ಎರಡಿರಲಿ. ಉತ್ತರಕ್ಕೂ ಪ್ರತಿಕ್ರಿಯೆಗೂ ಭಾನುವಾರ ರಾತ್ರಿ ಎಂದಿದ್ದರೆ ಎಲ್ಲರೂ ಭಾನುವಾರ ರಾತ್ರಿಯೇ ಬರುತ್ತಾರೆ. ಓದುವವರಿಲ್ಲದ ಕಡೆ ಪ್ರತಿಕ್ರಿಯೆ ಎಲ್ಲಿಂದ ಬಂದೀತು? ಉತ್ತರ ಬುಧವಾರಕ್ಕೆ, ಪ್ರತಿಕ್ರಿಯೆ ಭಾನುವಾರಕ್ಕೆ. ಅರವತ್ತು ಜನರಿದ್ದರೆ ಹತ್ತತ್ತು ಜನರ ಆರು ಗುಂಪು ಮಾಡಿ, ಚಟುವಟಿಕೆಯ ಸೆಟ್ಟಿಂಗ್‌ನಲ್ಲಿ 'ಸೆಪರೇಟ್ ಗ್ರೂಪ್ಸ್' ಕೊಡಿ.

ಪ್ರತಿಕ್ರಿಯೆಗಳ ಎಣಿಕೆಯನ್ನು ಬಿಡಿ. ಒಂದೇ ಸಾಕು, ಆದರೆ ಅದರಲ್ಲಿ ಸಹಪಾಠಿಯ ಹೆಸರು, ಅವರ ಒಂದು ವಾಕ್ಯ, ಆ ವಾಕ್ಯ ಎಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಇರಬೇಕು. ಹೊಗಳಿಕೆಯಿಂದ ಈ ಜಾಗ ತುಂಬುವುದಿಲ್ಲ. ಎಐ ಬರಹಕ್ಕೂ ಇದೇ ಮದ್ದು. ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗಳನ್ನು ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ. ಅವು ತಾವೇ ಬರೆದವರನ್ನೂ ಹಿಡಿದುಕೊಡುತ್ತವೆ. 'ನಗರೀಕರಣದ ಪರಿಣಾಮಗಳನ್ನು ಚರ್ಚಿಸಿ' ಎಂಬ ಪ್ರಶ್ನೆಗೆ ಯಂತ್ರ ಚೆನ್ನಾಗಿಯೇ ಬರೆಯುತ್ತದೆ. 'ನಿಮ್ಮ ಊರಿನ ಸಂತೆಯಲ್ಲಿ ಕಳೆದ ಹತ್ತು ವರ್ಷದಲ್ಲಿ ಕಾಣೆಯಾದ ಒಂದು ಕಸುಬು ಯಾವುದು, ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಗುಂಪಿನ ಇನ್ನಿಬ್ಬರ ಊರಿನೊಂದಿಗೆ ಹೋಲಿಸಿ' ಎಂದರೆ ವಿದ್ಯಾರ್ಥಿ ಎದ್ದು ಹೋಗಿ ಯಾರನ್ನಾದರೂ ಮಾತಾಡಿಸಲೇಬೇಕು.

ಇನ್ನು ನಿಮ್ಮ ಪಾತ್ರ. ಮೊದಲ ಎರಡು ದಿನ ಏನೂ ಬರೆಯಬೇಡಿ. ಮೇಡಂ ಉತ್ತರ ಬಂತೆಂದರೆ ವಿಷಯ ಮುಗಿಯಿತೆಂದೇ ಮಕ್ಕಳ ಲೆಕ್ಕ. ಮೂರನೇ ದಿನ ಒಂದೇ ಸಂದೇಶ ಹಾಕಿ: ಇಬ್ಬರ ವಿರುದ್ಧ ನಿಲುವುಗಳನ್ನು ಹೆಸರಿಸಿ, 'ಇವೆರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ?' ಎಂದು ಕೇಳಿ. ತಪ್ಪು ಮಾಹಿತಿ ಹರಡುತ್ತಿದ್ದರೆ ಮಾತ್ರ ಕೂಡಲೇ ತಿದ್ದಿ.

ಅಂಕ ಕೊಡಬೇಕೇ ಎಂದೂ ಕೆಲವರು ಕೇಳಿದ್ದಾರೆ. ಆಂತರಿಕ ಅಂಕದಲ್ಲಿ ಐದು ಇಡಬಹುದು. ಸೆಮಿಸ್ಟರ್ ಕೊನೆಗೆ ಪ್ರತಿ ವಿದ್ಯಾರ್ಥಿ ತನ್ನ ಅತ್ಯುತ್ತಮ ಎರಡು ಬರಹ, ತನ್ನ ಅಭಿಪ್ರಾಯ ಬದಲಿಸಿದ ಗೆಳೆಯರ ಒಂದು ಬರಹ ಆರಿಸಿ, ಕಾರಣ ಬರೆದು ಒಪ್ಪಿಸಲಿ. ಎಲ್ಲ ಸಂದೇಶಗಳಿಗೆ ಅಂಕ ಹಾಕುವ ಹೊರೆ ನಿಮಗೂ ಬೇಡ.

ಪ್ರಶ್ನೆ: ನನ್ನ ಶಾಲೆಯಲ್ಲಿ ಸ್ಮಾರ್ಟ್‌ಫೋನ್ ಇರುವುದು ನನ್ನದೊಂದೇ. 38 ಮಕ್ಕಳು. ನಮಗೆ ಇದೆಲ್ಲ ಸಾಧ್ಯವೇ?
(ವಿಜ್ಞಾನ ಶಿಕ್ಷಕರು, ಯಾದಗಿರಿ ಜಿಲ್ಲೆ)

ಉತ್ತರ: ಖಂಡಿತ ಸಾಧ್ಯ. ಪ್ಲಿಕರ್ಸ್ ಎಂಬ ಆ್ಯಪ್ ನಿಮ್ಮಂಥ ತರಗತಿಗೇ ಹೇಳಿ ಮಾಡಿಸಿದ್ದು. ಅದರ ಜಾಲತಾಣದಿಂದ ಕಾರ್ಡುಗಳನ್ನು ಪ್ರಿಂಟ್ ಮಾಡಿಕೊಳ್ಳಿ. ಸಾಮಾನ್ಯ ಕಟ್ಟಿನಲ್ಲಿ 40 ಕಾರ್ಡು ಇರುತ್ತವೆ, ನಿಮಗೆ ಸಾಕು. ಪ್ರತಿ ಕಾರ್ಡಿನಲ್ಲಿ ಒಂದು ಕಪ್ಪು ಆಕೃತಿ, ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ. ಒಂದೊಂದು ಕಾರ್ಡಿಗೆ ಒಬ್ಬೊಬ್ಬ ವಿದ್ಯಾರ್ಥಿ. ತಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿದರೆ, ನೀವು ಫೋನಿನ ಕ್ಯಾಮೆರಾವನ್ನು ತರಗತಿಯುದ್ದಕ್ಕೂ ತಿರುಗಿಸಿದಾಗ ಎಲ್ಲರ ಉತ್ತರವೂ ದಾಖಲಾಗುತ್ತದೆ. ಆಕೃತಿಗಳು ಬೇರೆಬೇರೆ, ಅಕ್ಷರಗಳು ಸಣ್ಣವು. ಪಕ್ಕದವನ ಕಾರ್ಡು ನೋಡಿ ನಕಲು ಮಾಡುವುದು ಕಷ್ಟ.

ಕೆಡುವುದು ಮೂರು ಕಾರಣಕ್ಕೆ. ಹೊಳಪಿನ ಲ್ಯಾಮಿನೇಷನ್ ಮಾಡಿಸಿದರೆ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ದಪ್ಪ ಮಾಸಲು ಕಾಗದವೇ ಸರಿ. ಮಕ್ಕಳ ಬೆರಳು ಕಪ್ಪು ಆಕೃತಿಯ ಮೇಲೆ ಬಂದರೂ ಓದುವುದಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತ ಸಾಲು ಕತ್ತಲಾಗಿ ಕಾಣುತ್ತದೆ, ನೀವು ಬದಿಗೆ ಸರಿದು ನಿಲ್ಲಬೇಕು.

ಕಾರ್ಡು ಬರೀ ಮತದಾನವಾಗದೆ ಮಾತುಕತೆಯಾಗಲು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಬೆಳೆಸಿದ ಕ್ರಮ ಅನುಸರಿಸಿ. ಹತ್ತನೇ ತರಗತಿಯ ವಿದ್ಯುತ್ ಪಾಠದಿಂದ ಒಂದು ಪ್ರಶ್ನೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ, ಯಾವುದು ಹೆಚ್ಚು ಬೆಳಗುತ್ತದೆ? ಧನ ತುದಿಗೆ ಹತ್ತಿರದ್ದು, ಋಣ ತುದಿಗೆ ಹತ್ತಿರದ್ದು, ಎರಡೂ ಸಮ, ಹೇಳಲಾಗದು. ಒಂದು ನಿಮಿಷ ಯಾರೂ ಮಾತಾಡದೆ ಯೋಚಿಸಬೇಕು. ಕಾರ್ಡು ಎತ್ತಿಸಿ, ಎಣಿಕೆಯನ್ನು ನೀವು ಮಾತ್ರ ನೋಡಿ. ಸರಿಯುತ್ತರ ಶೇ. 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಮತ್ತೆ ಮಾಡಬೇಕು. ಶೇ. 70 ದಾಟಿದ್ದರೆ ಚಿಕ್ಕ ವಿವರಣೆ ಸಾಕು. ನಡುವೆ ಇದ್ದರೆ ಅದೇ ಚರ್ಚೆಯ ಹೊತ್ತು: 'ನಿಮಗಿಂತ ಬೇರೆ ಉತ್ತರ ಹಿಡಿದವರನ್ನು ಹುಡುಕಿ, ಮೂರು ನಿಮಿಷದಲ್ಲಿ ಒಪ್ಪಿಸಿ' ಎನ್ನಿ. ಮತ್ತೆ ಕಾರ್ಡು ಎತ್ತಿಸಿ. ವಿದ್ಯುತ್ತು ಮೊದಲ ಬಲ್ಬಿನಲ್ಲೇ ಖರ್ಚಾಗಿಬಿಡುತ್ತದೆ ಎಂಬ ಗಟ್ಟಿಯಾದ ತಪ್ಪು ನಂಬಿಕೆ ಬಹಳ ಮಕ್ಕಳಲ್ಲಿದೆ. ಮೇಷ್ಟ್ರ ವಿವರಣೆಗಿಂತ ಈಗಷ್ಟೇ ಅದನ್ನು ಅರ್ಥ ಮಾಡಿಕೊಂಡ ಗೆಳೆಯನ ಮಾತು ಅದನ್ನು ಬೇಗ ಅಲುಗಾಡಿಸುತ್ತದೆ. ಮೊದಲ ಎಣಿಕೆಯ ಫಲಿತಾಂಶವನ್ನು ಬೋರ್ಡಿನಲ್ಲಿ ತೋರಿಸಿದಿರೋ, ಎಲ್ಲರೂ ಬಹುಮತದ ಕಡೆ ವಾಲುತ್ತಾರೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ.

ಲ್ಯಾಬಿನಲ್ಲಿ ಕಂಪ್ಯೂಟರ್ ಇದ್ದು ಇಂಟರ್ನೆಟ್ ಇಲ್ಲದ ಶಾಲೆಗಳು ಮೂಡಲ್‌ಬಾಕ್ಸ್ ನೋಡಬಹುದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಮೆಮೊರಿ ಕಾರ್ಡಿನಿಂದ ಇದನ್ನು ಹಾಕಿದರೆ ಅದೇ ವೈಫೈ ಹರಡಿ, ಇಂಟರ್ನೆಟ್ ಇಲ್ಲದೆಯೇ ಮೂಡಲ್ ನಡೆಸುತ್ತದೆ. ಇಡೀ ತರಗತಿ ಒಮ್ಮೆಗೇ ಸೇರಿದರೆ ಅದರೊಳಗಿನ ವೈಫೈ ಏದುಸಿರು ಬಿಡುತ್ತದೆ. ಒಂದು ರೂಟರನ್ನು ಕೇಬಲಿನಿಂದ ಜೋಡಿಸಿಕೊಳ್ಳಿ.

ಪ್ರಶ್ನೆ: ವಿದ್ಯಾರ್ಥಿಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಗೂಗಲ್ ಡಾಕ್ಸ್‌ಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ.
(ಕನ್ನಡ ಉಪನ್ಯಾಸಕರು, ಬಾಗಲಕೋಟೆ)

ಉತ್ತರ: ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನು, ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ ಅಷ್ಟೆ. ಆ ಫಾಂಟ್ ಇಲ್ಲದ ಕಡೆ ಹೋದಾಗ ಒಳಗಿನದು ಬಯಲಾಗುತ್ತದೆ. ಕೂಡಿ ಬರೆಯುವ ಕೆಲಸಕ್ಕೆ, ಎಲ್ಲ ಕಂಪ್ಯೂಟರು, ಫೋನುಗಳೂ ಒಂದೇ ರೀತಿ ಓದುವ ಅಕ್ಷರಸಂಕೇತವಾದ ಯೂನಿಕೋಡ್ ಬಿಟ್ಟು ಬೇರೆ ದಾರಿ ಇಲ್ಲ. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ವಿಂಡೋಸ್‌ನಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿದರೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಫೋನಿನ ಜಿಬೋರ್ಡ್‌ನಲ್ಲಿ ಕನ್ನಡದ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಲಿಮಣೆ, ಬೆರಳಿನಿಂದ ಬರೆಯುವುದು ಎಲ್ಲ ಇವೆ; ಮೈಕ್ ಒತ್ತಿ ಮಾತಾಡಿದರೂ ಅಕ್ಷರವಾಗುತ್ತದೆ. ಮಾತಿನಿಂದ ಮೂಡಿದ್ದರಲ್ಲಿ ಪೂರ್ಣವಿರಾಮ ಇರುವುದಿಲ್ಲ, ಒತ್ತಕ್ಷರ ತಪ್ಪುತ್ತದೆ, ಕಳಿಸುವ ಮೊದಲು ಒಮ್ಮೆ ಓದಿಸಿ. ಹಳೆಯ ಕಡತಗಳನ್ನು ಪರಿವರ್ತಕದಿಂದ ಬದಲಾಯಿಸಿದಾಗ ನಡುವೆ ಇದ್ದ ಇಂಗ್ಲಿಷ್ ಪದಗಳು ಕೆಡುತ್ತವೆ. ಅರ್ಕಾವತ್ತು ಬಂದ ಪದಗಳನ್ನೂ ಕಣ್ಣಿಟ್ಟು ನೋಡಿ.

ಮೊದಲ ಎರಡು ವಾರ ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಬರೆಯಲಿ, ತಡೆಯಬೇಡಿ. ಟೈಪಿಂಗ್ ಬಾರದೆಂದು ಮಾತೇ ನಿಂತರೆ ನಷ್ಟ ದೊಡ್ಡದು. ಹಾಗೆಯೇ ಚರ್ಚೆಯಲ್ಲಿ ಮನೆಯ ಕನ್ನಡ ಬರಲಿ. ಬಾಗಲಕೋಟೆಯ ಹುಡುಗಿಗೆ 'ಹಿಂಗ್ಯಾಕ ಆಗತೈತಿ?' ಎಂದು ಕೇಳುವ ಸ್ವಾತಂತ್ರ್ಯ ಇರಬೇಕು. ಗ್ರಾಂಥಿಕ ಶೈಲಿ ಕೊನೆಯ ಒಪ್ಪಿಸುವ ಪ್ರತಿಗೆ ಸಾಕು.

ಪ್ರಶ್ನೆ: ಆನ್‌ಲೈನ್ ತರಗತಿಯಲ್ಲಿ ಬ್ರೇಕ್‌ಔಟ್ ರೂಮ್ (ಚಿಕ್ಕ ಗುಂಪುಗಳ ಪ್ರತ್ಯೇಕ ಕೋಣೆ) ಮಾಡಿದರೆ ಒಳಗೆ ಹೋಗಿ ಎಲ್ಲರೂ ಮೌನ. ಕ್ಯಾಮೆರಾ ಕಡ್ಡಾಯ ಮಾಡಬೇಕೇ?
(ಎಂಜಿನಿಯರಿಂಗ್ ಕಾಲೇಜು ಉಪನ್ಯಾಸಕಿ, ಮೈಸೂರು)

ಉತ್ತರ: ಕ್ಯಾಮೆರಾ ಬೇಡ. ಡೇಟಾ ಖರ್ಚಾಗುತ್ತದೆ, ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಯಾರು ಓಡಾಡುತ್ತಾರೋ ಎಂಬ ಮುಜುಗರ ಬೇರೆ. ಮೌನಕ್ಕೆ ಸಾಮಾನ್ಯ ಕಾರಣ, ಒಳಗೆ ಹೋದ ಮೇಲೆ ಪ್ರಶ್ನೆ ಕಾಣದಿರುವುದು. ನೀವು ಹಂಚಿದ್ದ ಪರದೆ ಅಲ್ಲಿರುವುದಿಲ್ಲ. ಒಂದು ಗೂಗಲ್ ಸ್ಲೈಡ್ಸ್ ಕಡತ ಮಾಡಿ, ಮೊದಲ ಪುಟದಲ್ಲಿ ಪ್ರಶ್ನೆ, ಮುಂದೆ ಕೋಣೆಗೊಂದು ಪುಟ. ಲಿಂಕನ್ನು ಕೋಣೆ ತೆರೆಯುವ ಮೊದಲೇ ಚಾಟಿನಲ್ಲಿ ಕಳಿಸಿ. ನೀವು ಹೊರಗೆ ಕೂತೇ ಯಾವ ಪುಟ ಖಾಲಿಯಿದೆ ನೋಡಿ, ಆ ಕೋಣೆಗೆ ಮಾತ್ರ ಹೋಗಿ. ಕೋಣೆಗೆ ಮೂರು ನಾಲ್ಕು ಜನ, ಎಂಟರಿಂದ ಹತ್ತು ನಿಮಿಷ. ಮೊದಲ ಮಾತು ಯಾರದ್ದೆಂದು ನೀವೇ ಹೇಳಿ, ಉದಾಹರಣೆಗೆ ರೋಲ್ ನಂಬರ್ ಚಿಕ್ಕದಿದ್ದವರದ್ದು. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ನಿಲ್ಲುತ್ತದೆ, ಒಂದೇ ಸುತ್ತು ಇಟ್ಟುಕೊಳ್ಳಿ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಬ್ರೇಕ್‌ಔಟ್ ಸೌಲಭ್ಯ ಇಲ್ಲ.

ಇಡೀ ತರಗತಿಯನ್ನು ಒಮ್ಮೆಗೇ ಮಾತಾಡಿಸಲು ಇನ್ನೊಂದು ಉಪಾಯ: ಎಲ್ಲರೂ ಚಾಟಿನಲ್ಲಿ ಉತ್ತರ ಟೈಪ್ ಮಾಡಲಿ, ಆದರೆ ಕಳಿಸಬಾರದು. ಎರಡು ನಿಮಿಷದ ನಂತರ ನೀವು 'ಈಗ' ಎಂದಾಗ ಎಲ್ಲರೂ ಒಟ್ಟಿಗೆ ಎಂಟರ್ ಒತ್ತಬೇಕು. ಜಾಣರ ಉತ್ತರ ನೋಡಿ ಬದಲಿಸಲು ಸಮಯವೇ ಇರುವುದಿಲ್ಲ.

ಪ್ರಶ್ನೆ: ಪ್ರತಿ ವರ್ಷ ಒಂದೊಂದು ಆ್ಯಪ್ ಕಲಿಯುತ್ತೇವೆ, ಅದು ನಿಂತುಹೋಗುತ್ತದೆ. ಯಾವುದನ್ನು ನೆಚ್ಚಿಕೊಳ್ಳುವುದು?
(ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು)

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಎಡ್ಮೋಡೊ 2022ರ ಸೆಪ್ಟೆಂಬರಿನಲ್ಲಿ ಮುಚ್ಚಿತು, ಗೂಗಲ್ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ. ಸಂದೇಶಕ್ಕೆ ಒಂದು, ಕೂಡಿ ಬರೆಯಲು ಒಂದು, ಇವೆರಡಕ್ಕಿಂತ ಹೆಚ್ಚು ಬೇಡ. ಆರಿಸುವಾಗ ನೋಡಬೇಕಾದದ್ದು: ಮಕ್ಕಳಿಗೆ ಖಾತೆ ಬೇಕೇ, ಹಳೆಯ ಫೋನಿನಲ್ಲಿ ತೆರೆಯುತ್ತದೆಯೇ, ಬರೆದದ್ದನ್ನು ಹೊರಗೆ ಇಳಿಸಿಕೊಳ್ಳಬಹುದೇ. ಮೂರನೆಯದು ಇಲ್ಲವೆಂದರೆ ಮುಟ್ಟಲೇಬೇಡಿ. ತಿಂಗಳಿಗೊಮ್ಮೆ ಮಕ್ಕಳ ಬರಹವನ್ನು ಪಿಡಿಎಫ್ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಇಡಿ. ಎಲ್ಲರೂ ಬರಹ ಅಂಟಿಸುವ ಆನ್‌ಲೈನ್ ಫಲಕವಾದ ಪ್ಯಾಡ್ಲೆಟ್ ಬಳಸುವವರು 'ಅನುಮೋದನೆ ಬೇಕು' ಎಂಬ ಆಯ್ಕೆಯನ್ನು ಆನ್ ಮಾಡಿ. ಅದರ ಪದ ಸೋಸುವಿಕೆ ಕನ್ನಡದ ಬೈಗುಳವನ್ನೂ ಹಿಡಿಯುತ್ತದೆಂದು ನಂಬಿ ಕೂರಬೇಡಿ.

ಪ್ರಶ್ನೆ: ವಿದ್ಯಾರ್ಥಿಗಳಿಂದ ಕನ್ನಡ ವಿಕಿಪೀಡಿಯಕ್ಕೆ ಬರೆಸಬೇಕೆಂದಿದ್ದೇನೆ. ಏನು ಎಚ್ಚರ ವಹಿಸಬೇಕು?
(ಉಪನ್ಯಾಸಕರು, ಮಂಗಳೂರು)

ಉತ್ತರ: ಅಪರಿಚಿತರೂ ಬಂದು ತಿದ್ದುವ ಜಾಗದಲ್ಲಿ ಬರೆಯುವುದು ಒಳ್ಳೆಯ ಪಾಠ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ನಿಮ್ಮ ಕಡೆಯವರಿಗೆ 2016ರಲ್ಲಿ ಬಂದ ತುಳು ವಿಕಿಪೀಡಿಯವೂ ಇದೆ. ಮೊದಲ ದಿನವೇ ಎದುರಾಗುವ ತೊಡಕು ಖಾತೆಯದು: ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ ಆರು ಖಾತೆ ಮಾತ್ರ ತೆರೆಯಬಹುದು. ಮೂವತ್ತು ಜನರನ್ನು ಲ್ಯಾಬಿಗೆ ಕರೆದುಕೊಂಡು ಹೋದರೆ ಏಳನೆಯವನಿಂದ ಕೆಲಸ ನಿಲ್ಲುತ್ತದೆ. ಹಿಂದಿನ ದಿನ ಮನೆಯಲ್ಲಿ ಅವರವರ ಫೋನಿನಿಂದ ಖಾತೆ ತೆರೆದು ಬರಲಿ.

ನೇರವಾಗಿ ಲೇಖನಕ್ಕೆ ಕೈ ಹಾಕಿಸಬೇಡಿ. ಬಳಕೆದಾರರ ಪ್ರಯೋಗಪುಟದಲ್ಲಿ ಬರೆದು, ಸಹಪಾಠಿ ಓದಿ, ಚರ್ಚೆಪುಟದಲ್ಲಿ ಅಭಿಪ್ರಾಯ ಬರೆದು ಕೊನೆಗೆ ನಾಲ್ಕು ಟಿಲ್ಡೆ ಚಿಹ್ನೆಯಿಂದ (~~~~) ಸಹಿ ಹಾಕಿದ ಮೇಲೆ ಲೇಖನಕ್ಕೆ ಸಾಗಿಸಿ. ಬರಹ ಅಳಿಸಿಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಪುಸ್ತಕದ ಸಾಲುಗಳನ್ನು ಹಾಗೇ ಇಳಿಸಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ಅಜ್ಜಿ ಹೇಳಿದ ಊರಿನ ಇತಿಹಾಸಕ್ಕೆ ಅಚ್ಚಾದ ಆಧಾರ ಇಲ್ಲದಿದ್ದರೆ ಅದೂ ನಿಲ್ಲುವುದಿಲ್ಲ. ಮಕ್ಕಳಿಗೆ ಇದು ನೋವು ತರುತ್ತದೆ, ಮೊದಲೇ ತಿಳಿಸಿ. ಹೊಸ ಲೇಖನಕ್ಕಿಂತ ಈಗಿರುವ ಕುಂಟುವ ಲೇಖನಕ್ಕೆ ಮೂವರು ಸೇರಿ ಮೂರು ಪ್ಯಾರಾ, ಮೂರು ಆಧಾರ ಸೇರಿಸುವುದು ಆರಂಭಕ್ಕೆ ಸರಿಯಾದ ಗಾತ್ರ.

ಪ್ರಶ್ನೆ: ತರಗತಿಯ ಗ್ರೂಪಿನಲ್ಲಿ ಒಬ್ಬ ಹುಡುಗ ಸಹಪಾಠಿ ಹುಡುಗಿಯ ಜಾತಿ ಹಿಡಿದು ಗೇಲಿ ಮಾಡಿದ. ನಾನು ಕೂಡಲೇ ಅಳಿಸಿದೆ. ಬೇರೇನು ಮಾಡಬೇಕಿತ್ತು?
(ಶಿಕ್ಷಕರು, ಕೋಲಾರ ಜಿಲ್ಲೆ)

ಉತ್ತರ: ಅಳಿಸಿದ್ದು ಸರಿ, ಆದರೆ ಅದಕ್ಕೂ ಮೊದಲು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಗ್ರೂಪಿನಲ್ಲೇ ಬೈಯಬೇಡಿ, ಹುಡುಗಿಯ ಹೆಸರು ಇನ್ನಷ್ಟು ಓಡಾಡುತ್ತದೆ. ಮೊದಲ ಫೋನು ಹುಡುಗಿಗೆ ಮತ್ತು ಅವಳ ಮನೆಯವರಿಗೆ, ಎರಡನೆಯದು ಹುಡುಗನ ಮನೆಗೆ. ಅದೇ ದಿನ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ತಿಳಿಸಿ. ಚರ್ಚೆಗೆ ಇಬ್ಬರನ್ನು ಬೇರೆ ಗುಂಪಿಗೆ ಹಾಕುವಾಗ ಹುಡುಗನನ್ನು ಬದಲಿಸಿ, ಹುಡುಗಿಯನ್ನಲ್ಲ.

ಮಗುವಿನ ಅಶ್ಲೀಲ ಚಿತ್ರ ಬಂದಿದ್ದರೆ ಕ್ರಮ ಬೇರೆ. ಸಾಕ್ಷ್ಯಕ್ಕೆಂದು ಕೂಡ ಅದನ್ನು ನಕಲು ಮಾಡಬೇಡಿ, ಮುಂದೆ ಕಳಿಸಬೇಡಿ. ಅದೇ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದು. ತಕ್ಷಣ ಮುಖ್ಯಸ್ಥರ ಮೂಲಕ ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಶಾಲೆ ಶುರುವಾಗುವಾಗಲೇ ಪೋಷಕರಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಕೊಡಿ: ಯಾವ ಆ್ಯಪ್, ಯಾರ ನಂಬರು ಯಾರಿಗೆ ಕಾಣುತ್ತದೆ, ಅಡ್ಮಿನ್ ಯಾರು, ದೂರು ಯಾರಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಗೆ ಒತ್ತು ಕೊಡುತ್ತದೆ. ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇದರೊಳಗೇ ಬರುತ್ತಾರೆ.

ಪ್ರಶ್ನೆ: ರಾತ್ರಿ ಹನ್ನೊಂದಕ್ಕೂ ಸಂದೇಶ ಬರುತ್ತದೆ. ಉತ್ತರಿಸದಿದ್ದರೆ ಮಕ್ಕಳು ಬೇಸರ ಪಡುತ್ತಾರೆ.
(ಗಣಿತ ಶಿಕ್ಷಕಿ, ಉಡುಪಿ)

ಉತ್ತರ: ಗ್ರೂಪಿನ ವಿವರಣೆಯಲ್ಲಿ 'ಮೇಡಂ ನೋಡುವ ಹೊತ್ತು ಸಂಜೆ 6ರಿಂದ 7' ಎಂದು ಬರೆದಿಡಿ, ಉಳಿದ ಹೊತ್ತು ನೋಟಿಫಿಕೇಷನ್ ಮ್ಯೂಟ್ ಮಾಡಿ. ರಾತ್ರಿ 9ಕ್ಕೆ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಬದಲಿಸಿ, ಬೆಳಿಗ್ಗೆ ತೆರೆಯಿರಿ. ಆ ಒಂದು ಗಂಟೆಯಲ್ಲೂ ಬಂದ ಲೆಕ್ಕದ ಸಂಶಯಕ್ಕೆ ಮೊದಲ ಅರ್ಧ ಗಂಟೆ ನೀವು ಉತ್ತರಿಸಬೇಡಿ. 'ಇದನ್ನು ಯಾರು ಬಿಡಿಸಿದ್ದೀರಿ, ಮೊದಲ ಹೆಜ್ಜೆ ಮಾತ್ರ ಹೇಳಿ' ಎಂದು ಕೇಳಿ. ಯಾರೂ ಹೇಳದಿದ್ದರೆ ಮೊದಲ ಹೆಜ್ಜೆಯನ್ನು ನೀವು ಕೊಡಿ, ಎರಡನೆಯದನ್ನು ಮತ್ತೆ ಅವರಿಗೇ ಬಿಡಿ.